ದುಡಿಮೆಯ ಸ್ಥಳದ ಸುರಕ್ಷತೆ: ದೋಷ ಯಂತ್ರದ್ದೋ, ಮನುಷ್ಯನದೋ?

ಆರೋಗ್ಯವೆಂದೊಡನೆ ಆಹಾರ, ವ್ಯಾಯಾಮ, ಔಷಧೋಪಚಾರ ಇವಿಷ್ಟೇ ಸಾಮಾನ್ಯವಾಗಿ ನೆನಪಿಗೆ ಬರುತ್ತವೆ. ರಕ್ತದೊತ್ತಡ, ಮಧುಮೇಹ, ಹೃದಯರೋಗಗಳ ಕುರಿತು ತಜ್ಞ ವೈದ್ಯರು ಬರೆಯುವ ಲೇಖನಗಳನ್ನು ಜನರು ಆಸಕ್ತಿಯಿಂದ ಓದುತ್ತಾರೆ. ಆದರೆ ಮನುಷ್ಯನು ದಿನದ ಎಂಟು, ಹತ್ತು, ಕೆಲವೊಮ್ಮೆ ಹದಿನಾಲ್ಕು ಗಂಟೆಗಳನ್ನು ಕಳೆಯುವ ದುಡಿಮೆಯ ಸ್ಥಳವು ಅವನ ದೇಹಕ್ಕೆ ಎಷ್ಟು ಸುರಕ್ಷಿತ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಅಪಘಾತವೊಂದು ನಡೆದು ವೃತ್ತಪತ್ರಿಕೆಯಲ್ಲಿ ಸುದ್ದಿಯಾದಾಗ ಎರಡು ದಿನ ಚರ್ಚೆಯಾಗುತ್ತದೆ. ಕೊನೆಗೆ "ಯಾರದೋ ಅಜಾಗರೂಕತೆ" ಎಂಬ ತೀರ್ಪಿನೊಂದಿಗೆ ಎಲ್ಲವೂ ಮುಗಿಯುತ್ತದೆ. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದದ್ದು ಎಂಬುದನ್ನು ಮುಂಬಯಿಯ ಕನ್ನಡಿಗರು ವಿಶೇಷವಾಗಿ ವಿಚಾರಿಸಬೇಕಾಗಿದೆ. ಏಕೆಂದರೆ ಈ ಮಹಾನಗರದಲ್ಲಿ ಕನ್ನಡಿಗರು ದುಡಿಯುವವರೂ ಹೌದು, ದುಡಿಸಿಕೊಳ್ಳುವವರೂ ಹೌದು.

2024ರ ಮೇ 13ರ ಸಂಜೆ ಘಾಟ್ಕೋಪರ್ ಪೂರ್ವದ ಛೇಡಾ ನಗರದಲ್ಲಿ ನಡೆದ ದುರಂತವನ್ನು ಈ ಭಾಗದ ಜನರು ಮರೆತಿರಲಾರರು. ಧೂಳು ತುಂಬಿದ ಬಿರುಗಾಳಿಗೆ ಜಾಹೀರಾತಿನ ಬೃಹತ್ ಫಲಕವೊಂದು ಪೆಟ್ರೋಲ್ ಪಂಪಿನ ಮೇಲೆ ಉರುಳಿಬಿದ್ದು 17 ಮಂದಿ ಪ್ರಾಣ ಕಳೆದುಕೊಂಡರು. ಎಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಆ ಪಂಪು ಕೆಲವರಿಗೆ ದುಡಿಮೆಯ ಸ್ಥಳ, ಇನ್ನು ಕೆಲವರಿಗೆ ಗಾಳಿಮಳೆಯಿಂದ ಕ್ಷಣಕಾಲದ ಆಶ್ರಯ. ಮಹಾನಗರಪಾಲಿಕೆಯ ನಿಯಮದಂತೆ ಇಂಥ ಫಲಕದ ಗರಿಷ್ಠ ಅಳತೆ 40 ಅಡಿಗೆ 40 ಅಡಿ. ಬಿದ್ದ ಫಲಕದ ಅಳತೆ 120 ಅಡಿಗೆ 120 ಅಡಿ. ಎಂದರೆ ವಿಸ್ತೀರ್ಣದಲ್ಲಿ ಒಂಬತ್ತು ಪಟ್ಟು. ಅಷ್ಟು ದೊಡ್ಡ ಹಲಗೆಯ ಮೇಲೆ ಬೀಳುವ ಗಾಳಿಯ ಒತ್ತಡವನ್ನು ತಾಳಿಕೊಳ್ಳುವಷ್ಟು ಅಡಿಪಾಯ ಅದಕ್ಕಿರಲಿಲ್ಲ. ಇದು ತಾಂತ್ರಿಕ ಕಾರಣ. ಆದರೆ ಫಲಕ ನಿಂತ ನೆಲ ರೈಲ್ವೆ ಪೊಲೀಸರ ವಶದಲ್ಲಿತ್ತು, ಅಳತೆಯ ನಿಯಮ ಮಹಾನಗರಪಾಲಿಕೆಯದಾಗಿತ್ತು, ವರಮಾನ ಜಾಹೀರಾತು ಸಂಸ್ಥೆಯದಾಗಿತ್ತು. ಪ್ರತಿಯೊಬ್ಬರೂ ಹೊಣೆ ಮತ್ತೊಬ್ಬರದೆಂದು ಭಾವಿಸಬಹುದಾದ ಸ್ಥಿತಿಯಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡ ಅಪಾಯವೂ ಯಾರ ಕಣ್ಣಿಗೂ ಬೀಳದೆ ಉಳಿಯಿತು. ಇದು ಸಾಮಾಜಿಕ ಕಾರಣ. ಬಿರುಗಾಳಿ ಕೇವಲ ನಿಮಿತ್ತ.

ಯಾವ ಅಪಘಾತವನ್ನು ಪರಿಶೀಲಿಸಿದರೂ ಈ ಎರಡು ಎಳೆಗಳು ಹೆಣೆದುಕೊಂಡಿರುವುದು ಕಂಡುಬರುತ್ತದೆ. ಯಂತ್ರ, ವಿದ್ಯುತ್ತು, ಅನಿಲ, ಕಟ್ಟಡ, ಬೆಳಕು, ಗಾಳಿ ಇವು ತಾಂತ್ರಿಕ ಅಂಶಗಳು. ಕೆಲಸದ ಅವಧಿ, ಕೂಲಿಯ ರೀತಿ, ಮಾಲಿಕ-ನೌಕರರ ಸಂಬಂಧ, ಭಾಷೆ, ಸಾಲ, ಭಯ, ಅಧಿಕಾರದ ಹಂಚಿಕೆ ಇವು ಸಾಮಾಜಿಕ ಅಂಶಗಳು. ಎರಡನ್ನೂ ಕೂಡಿಸಿ ನೋಡದ ಸುರಕ್ಷತಾ ಕ್ರಮವು ಒಂದೇ ಗಾಲಿಯ ಗಾಡಿಯಂತೆ ಮುಂದೆ ಸಾಗಲಾರದು.

ಘಾಟ್ಕೋಪರಿಗೆ ಈ ವಿಚಾರ ಹೊಸತಲ್ಲ. ಕಾರ್ಮಿಕ ನಾಯಕರೆಂದು ದೇಶಕ್ಕೇ ಪರಿಚಿತರಾದ ಡಾ. ದತ್ತಾ ಸಾಮಂತರು ಮೊದಲು ಇಲ್ಲಿಯ ಪಂತನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದರು. ಅವರಲ್ಲಿಗೆ ಚಿಕಿತ್ಸೆಗೆ ಬರುತ್ತಿದ್ದವರಲ್ಲಿ ಬಹುಪಾಲು ಜನ ಕಾರ್ಮಿಕರು. ಆ ರೋಗಿಗಳ ಕಷ್ಟವೇ ಅವರನ್ನು ಕಾರ್ಮಿಕ ಚಳವಳಿಗೆ ಎಳೆಯಿತು. ಕಲ್ಲುಗಣಿಗಳಲ್ಲಿ ದುಡಿಯುವವರನ್ನು ಸಂಘಟಿಸುವುದರಿಂದ ಅವರ ಆ ಜೀವನ ಆರಂಭವಾಯಿತು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ಬಗ್ಗೆ, ಅವರ ಹೋರಾಟದ ಮಾರ್ಗದ ಬಗ್ಗೆ ಭಿನ್ನಾಭಿಪ್ರಾಯಗಳು ಅನೇಕ. ಆದರೆ ಒಬ್ಬ ವೈದ್ಯನು ಕಂಡುಕೊಂಡ ಒಂದು ಸತ್ಯ ನಿರ್ವಿವಾದ. ಕಲ್ಲಿನ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವನ ಶ್ವಾಸಕೋಶಕ್ಕೆ ಸಿಲಿಕೋಸಿಸ್ ತಗುಲಿದ ಮೇಲೆ ಅದನ್ನು ಗುಣಪಡಿಸುವ ಔಷಧವಿಲ್ಲ. ಕಲ್ಲು ಕೊರೆಯುವಾಗ ನೀರು ಚಿಮುಕಿಸಿ ಧೂಳನ್ನು ಅಡಗಿಸುವುದೇ ಅದಕ್ಕೆ ನಿಜವಾದ ಮದ್ದು. ಆ ಮದ್ದು ದೊರೆಯುವುದು ಔಷಧಾಲಯದಲ್ಲಲ್ಲ, ಗಣಿಯಲ್ಲಿ.

ಹಾಗಾದರೆ "ಅಜಾಗರೂಕತೆ" ಎಂಬ ಮಾತು ಇಷ್ಟು ಬಲವಾಗಿ ಬೇರೂರಿದ್ದು ಹೇಗೆ? ಅಮೆರಿಕೆಯ ವಿಮಾ ಸಂಸ್ಥೆಯೊಂದರಲ್ಲಿ ಕೆಲಸಮಾಡುತ್ತಿದ್ದ ಎಚ್. ಡಬ್ಲ್ಯು. ಹೈನ್‌ರಿಚ್ ಎಂಬವರು 1931ರಲ್ಲಿ ಕೈಗಾರಿಕಾ ಅಪಘಾತಗಳ ಕುರಿತು ಒಂದು ಗ್ರಂಥ ಪ್ರಕಟಿಸಿದರು. ಅಪಘಾತಗಳಲ್ಲಿ ನೂರಕ್ಕೆ 88ರಷ್ಟು ಕಾರ್ಮಿಕರ ಅಸುರಕ್ಷಿತ ವರ್ತನೆಯಿಂದ, 10ರಷ್ಟು ಯಂತ್ರ ಹಾಗೂ ಪರಿಸರದ ದೋಷದಿಂದ, ಉಳಿದ 2 ಅನಿವಾರ್ಯವಾಗಿ ಸಂಭವಿಸುತ್ತವೆ ಎಂಬುದು ಅವರ ಲೆಕ್ಕ. ಹಲವು ದಶಕಗಳ ಕಾಲ ಈ ಲೆಕ್ಕವೇ ವೇದವಾಕ್ಯವಾಯಿತು. ಆದರೆ ಲೆಕ್ಕಪತ್ರ ಬಲ್ಲವರು ಮೊದಲು ಕೇಳುವ ಪ್ರಶ್ನೆ, ಮೂಲ ದಾಖಲೆ ಬರೆದವರು ಯಾರು ಎಂಬುದು. ಆ ವರದಿಗಳನ್ನು ಹೆಚ್ಚಾಗಿ ಬರೆದವರು ಮೇಲ್ವಿಚಾರಕರು ಹಾಗೂ ಮಾಲಿಕರ ಕಡೆಯವರು. ಬೆರಳು ಕಳೆದುಕೊಂಡ ಕೆಲಸಗಾರನಿಗೆ ಅದರಲ್ಲಿ ತನ್ನ ಮಾತನ್ನು ಬರೆಸುವ ಅವಕಾಶ ಅಪರೂಪವಾಗಿತ್ತು. ಆತ ಕೈ ಎಲ್ಲಿಟ್ಟ ಎಂಬುದು ದಾಖಲೆಯಾಯಿತು. ಯಂತ್ರಕ್ಕೆ ರಕ್ಷಾಕವಚ ಏಕಿರಲಿಲ್ಲ, ಆತ ಅಂದು ಎಷ್ಟನೆಯ ಗಂಟೆಯಲ್ಲಿ ದುಡಿಯುತ್ತಿದ್ದ ಎಂಬುದು ದಾಖಲೆಯಾಗಲಿಲ್ಲ.

ಈ ಏಕಮುಖ ದೃಷ್ಟಿಯನ್ನು ಬದಲಿಸಿದ್ದು ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಒಂದು ಅಧ್ಯಯನ. ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎರಿಕ್ ಟ್ರಿಸ್ಟ್ ಮತ್ತು ಹಿಂದೆ ಸ್ವತಃ ಗಣಿ ಕಾರ್ಮಿಕರಾಗಿದ್ದ ಕೆನ್ ಬ್ಯಾಮ್‌ಫರ್ತ್ 1951ರಲ್ಲಿ ಅದನ್ನು ಪ್ರಕಟಿಸಿದರು. ಹಿಂದೆ ಗಣಿಯಲ್ಲಿ ಪರಸ್ಪರ ನಂಬಿಕೆಯುಳ್ಳ ಕೆಲವೇ ಜನ ತಾವೇ ಆರಿಸಿಕೊಂಡ ಗುಂಪಾಗಿ ದುಡಿಯುತ್ತಿದ್ದರು. ಒಬ್ಬನ ಪ್ರಾಣದ ಮೇಲೆ ಇನ್ನೊಬ್ಬನ ಕಣ್ಣಿರುತ್ತಿತ್ತು. ಹೊಸ ಯಂತ್ರಗಳು ಬಂದ ಮೇಲೆ ಕೆಲಸವನ್ನು ಮೂರು ಪಾಳಿಗಳಿಗೆ ಹಂಚಲಾಯಿತು. ಒಂದು ಪಾಳಿಯವರು ಮಾಡಿದ ಅರ್ಧ ಕೆಲಸವನ್ನು ಅವರ ಮುಖವನ್ನೇ ಕಾಣದ ಮುಂದಿನ ಪಾಳಿಯವರು ಮುಂದುವರಿಸಬೇಕಾಯಿತು. ಯಂತ್ರ ಉತ್ತಮವಾಗಿದ್ದರೂ ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಗೈರುಹಾಜರಿ, ಮನೋವ್ಯಥೆ, ಪರಸ್ಪರ ದೂಷಣೆ ಹೆಚ್ಚಿದವು. ಇನ್ನೊಂದು ಗಣಿಯಲ್ಲಿ ಕಾರ್ಮಿಕರು ಯಂತ್ರವನ್ನು ಉಳಿಸಿಕೊಂಡೇ ಹಳೆಯ ಗುಂಪು ಪದ್ಧತಿಗೆ ಮರಳಿದಾಗ ಅಪಘಾತಗಳೂ ಗೈರುಹಾಜರಿಯೂ ತೀರ ಕಡಿಮೆಯಿದ್ದುದು ಕಂಡುಬಂತು. ಇದೇ ಸಂಸ್ಥೆಯ ಎ. ಕೆ. ರೈಸ್ 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಗಿರಣಿಯಲ್ಲಿ ಸ್ವಯಂಚಾಲಿತ ಮಗ್ಗಗಳ ಕೆಲಸವನ್ನು ಸಣ್ಣ ಗುಂಪುಗಳಿಗೆ ವಹಿಸಿದಾಗ ಉತ್ಪಾದನೆ ಏರಿತು, ಹಾಳಾಗುವ ಬಟ್ಟೆಯ ಪ್ರಮಾಣ ಇಳಿಯಿತು. ಯಂತ್ರವನ್ನು ತರುವಾಗ ಅದರ ಸುತ್ತಲಿನ ಮನುಷ್ಯ ಸಂಬಂಧಗಳನ್ನೂ ಯೋಜಿಸಬೇಕೆಂಬ ಪಾಠ ಹೀಗೆ ಭಾರತದ ನೆಲದಲ್ಲೂ ದೃಢಪಟ್ಟಿತು.

ಅಧಿಕಾರದ ಗೊಂದಲವು ಪ್ರಾಣಕ್ಕೆ ಹೇಗೆ ಎರವಾಗುತ್ತದೆ ಎಂಬುದಕ್ಕೆ ಮುಂಬಯಿಯ ಇತಿಹಾಸದಲ್ಲೇ ನಿದರ್ಶನವಿದೆ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ಫೋರ್ಟ್ ಸ್ಟೈಕಿನ್ ಎಂಬ ಹಡಗಿನಲ್ಲಿ ಹತ್ತಿಯ ಮೂಟೆಗಳನ್ನೂ ಯುದ್ಧದ ಸ್ಫೋಟಕಗಳನ್ನೂ ಒಟ್ಟಿಗೆ ತುಂಬಲಾಗಿತ್ತು. ಮಧ್ಯಾಹ್ನ ಹೊಗೆ ಕಾಣಿಸಿಕೊಂಡಿತು. ಹಡಗನ್ನು ಅಲ್ಲೇ ಮುಳುಗಿಸಬೇಕೋ, ಸಮುದ್ರಕ್ಕೆ ಎಳೆದೊಯ್ಯಬೇಕೋ, ನಿಂತಲ್ಲೇ ಬೆಂಕಿ ನಂದಿಸಬೇಕೋ ಎಂದು ಕಪ್ತಾನ, ಸೇನೆಯವರು, ಬಂದರಿನವರು, ಅಗ್ನಿಶಾಮಕ ದಳದವರು ತಮ್ಮ ತಮ್ಮ ಅಭಿಪ್ರಾಯ ಹೇಳಿದರು. ಅಂತಿಮ ಆಜ್ಞೆ ನೀಡಬಲ್ಲವರು ಯಾರೆಂಬುದು ತೀರ್ಮಾನವಾಗುವಷ್ಟರಲ್ಲಿ, ಸಂಜೆ ನಾಲ್ಕು ಗಂಟೆಯ ಬಳಿಕ ಹಡಗು ಸಿಡಿಯಿತು. ನೂರಾರು ಜನರೊಂದಿಗೆ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಮಡಿದರು. ಅವರ ನೆನಪಿಗಾಗಿಯೇ ಇಂದಿಗೂ ಏಪ್ರಿಲ್ 14ನ್ನು ದೇಶದಾದ್ಯಂತ ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸಲಾಗುತ್ತದೆ. ನೀರು, ಕೊಳವೆ, ಧೈರ್ಯ ಯಾವುದಕ್ಕೂ ಅಂದು ಕೊರತೆಯಿರಲಿಲ್ಲ. "ನಿಲ್ಲಿಸಿ" ಎನ್ನುವ ಅಧಿಕಾರ ಯಾರದೆಂಬ ಸ್ಪಷ್ಟತೆಗೆ ಕೊರತೆಯಿತ್ತು.

ಇನ್ನು ಕನ್ನಡಿಗರಿಗೆ ಅತ್ಯಂತ ಹತ್ತಿರವಾದ ಕ್ಷೇತ್ರಕ್ಕೆ, ಹೋಟೆಲಿನ ಅಡುಗೆಮನೆಗೆ ಬರುವುದು ಉಚಿತ. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಕಾಲದಿಂದಲೂ ಉಡುಪಿ ಹೋಟೆಲುಗಳು ಈ ನಗರದ ಹಸಿವನ್ನು ತಣಿಸಿವೆ. ಊರಿನಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲು ಮೇಜು ಒರೆಸಿ, ರಾತ್ರಿಶಾಲೆಯಲ್ಲಿ ಓದಿ, ಹೋಟೆಲಿನಲ್ಲೇ ಮಲಗಿ ಮುಂದೆ ಬಂದ ಕಥೆಗಳು ಹೆಮ್ಮೆಗೆ ಪಾತ್ರವಾದವು. ಆದರೆ ಆ ಹೆಮ್ಮೆಯ ನಡುವೆ ಒಂದು ಪದ್ಧತಿ ಪ್ರಶ್ನೆಗೊಳಗಾಗದೆ ಉಳಿದುಬಂದಿದೆ. ದುಡಿಮೆಯ ಸ್ಥಳವೇ ಮಲಗುವ ಸ್ಥಳವೂ ಆಗುವುದೇ ಆ ಪದ್ಧತಿ. ಸೌದೆ, ಇದ್ದಿಲುಗಳ ಕಾಲದಲ್ಲಿ ಅದರ ಅಪಾಯ ಒಂದು ಬಗೆಯದಾಗಿತ್ತು. ಅನಿಲದ ಕಾಲದಲ್ಲಿ ಅದು ಸಂಪೂರ್ಣ ಬೇರೆಯಾಗಿದೆ.

ಸಿಲಿಂಡರಿನ ಅಡುಗೆ ಅನಿಲವು ಗಾಳಿಗಿಂತ ಭಾರವಾದದ್ದು. ಸೋರಿದ ಅನಿಲ ಮೇಲೇರದೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ, ಚರಂಡಿಯಲ್ಲಿ, ಮೂಲೆಯಲ್ಲಿ ನಿಲ್ಲುತ್ತದೆ. ಗೋಡೆಯ ಮೇಲ್ಭಾಗದಲ್ಲಿರುವ ಹೊಗೆ ಹೊರಹಾಕುವ ಪಂಖದಿಂದ ಅದು ಹೊರಹೋಗುವುದಿಲ್ಲ. ಬದಲಾಗಿ ಆ ಪಂಖದ ಗುಂಡಿ ಒತ್ತಿದ ಕಿಡಿಯೇ ಅದಕ್ಕೆ ಬೆಂಕಿ ಹಚ್ಚಬಹುದು. ಗಾಳಿಯಲ್ಲಿ ಈ ಅನಿಲ ನೂರಕ್ಕೆ ಎರಡರಷ್ಟು ಬೆರೆತರೆ ಸಾಕು, ಅದು ಸ್ಫೋಟಿಸಬಲ್ಲುದು. ಅನಿಲದ ಸೋರಿಕೆಯನ್ನು ತಿಳಿಸುವ ಉಪಕರಣವನ್ನು ಅದಕ್ಕಾಗಿಯೇ ನೆಲದ ಸಮೀಪ ಇಡಬೇಕು. ಇವೆಲ್ಲ ತಾಂತ್ರಿಕ ಸಂಗತಿಗಳು. ಅಡುಗೆಯವನಿಗೆ ಅವನ ಭಾಷೆಯಲ್ಲಿ ಹತ್ತು ನಿಮಿಷದಲ್ಲಿ ತಿಳಿಸಿಹೇಳಬಹುದಾದವು. ಆದರೆ ಹೇಳುವವರು ಯಾರು, ಯಾವಾಗ?

ಘಾಟ್ಕೋಪರಿನಿಂದ ಎರಡು ರೈಲು ನಿಲ್ದಾಣಗಳಾಚೆ, ಕುರ್ಲಾ ಪಶ್ಚಿಮದ ಸಿಟಿ ಕಿನಾರಾ ಉಪಾಹಾರ ಗೃಹದಲ್ಲಿ 2015ರ ಅಕ್ಟೋಬರ್ 16ರ ಮಧ್ಯಾಹ್ನ ಅನಿಲದ ಬೆಂಕಿಗೆ ಎಂಟು ಜನ ಬಲಿಯಾದರು. ಅವರಲ್ಲಿ ಏಳು ಮಂದಿ ಊಟಕ್ಕೆ ಬಂದಿದ್ದ ಕಾಲೇಜು ವಿದ್ಯಾರ್ಥಿಗಳು. ಅವರು ಕುಳಿತಿದ್ದುದು ಮುಂಬಯಿಯವರು ಪೋಟ್‌ಮಾಳಾ ಎನ್ನುವ ಅಟ್ಟದ ಮೇಲೆ. ಬೆಂಕಿ ಹೊತ್ತಿದ್ದು ಕೆಳಗೆ. 2025ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಮಹಾನಗರಪಾಲಿಕೆಯ ನಿರ್ಲಕ್ಷ್ಯವನ್ನು ಎತ್ತಿತೋರಿಸಿ, ಮೃತರ ಕುಟುಂಬಗಳಿಗೆ ತಲಾ 50 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. ಘಾಟ್ಕೋಪರಿನಿಂದ ಮೆಟ್ರೊ ಮಾರ್ಗದಲ್ಲಿ ಮೂರನೆಯ ನಿಲ್ದಾಣವಾದ ಸಾಕಿನಾಕಾದ ಖೈರಾನಿ ರಸ್ತೆಯಲ್ಲಿ 2017ರ ಡಿಸೆಂಬರ್ 18ರ ನಸುಕಿನಲ್ಲಿ ಫರಸಾಣ್ ತಯಾರಿಸುವ ಅಂಗಡಿಗೆ ಬೆಂಕಿ ತಗುಲಿ 12 ಮಂದಿ ಕೆಲಸಗಾರರು ಸತ್ತರು. ಅವರು ದುಡಿಯುತ್ತಿದ್ದ ಅಂಗಡಿಯಲ್ಲೇ ಮಲಗಿದ್ದರು. ಎರಡೂ ಕಡೆ ಬೆಂಕಿಗೆ ಕಾರಣ ಬೇರೆಯಿರಬಹುದು. ಸಾವಿಗೆ ಕಾರಣ ಹೊರಹೋಗಲು ದಾರಿಯಿಲ್ಲದಿರುವುದು. ಆ ದಾರಿ ಮುಚ್ಚಿಹೋಗುವುದು ಈ ನಗರದ ನೆಲದ ಬೆಲೆಯಿಂದ, ಬಾಡಿಗೆಯ ಭಾರದಿಂದ, ದೂರದೂರಿನಿಂದ ಬಂದವನಿಗೆ ಬೇರೆ ಸೂರಿಲ್ಲದ ನಿರ್ವಾಹವಿಲ್ಲದ ಸ್ಥಿತಿಯಿಂದ.

ಅಡುಗೆಮನೆಯ ಸಾಮಾಜಿಕ ರಚನೆಯೂ ವಿಚಾರಾರ್ಹವಾದುದು. ಮಾಲಿಕನೂ ಕೆಲಸಗಾರನೂ ಒಂದೇ ಊರಿನವರು, ಕೆಲವೊಮ್ಮೆ ಬಂಧುಗಳು ಎಂಬುದು ಹಿಂದಿನಿಂದ ಬಂದ ದೊಡ್ಡ ಶಕ್ತಿ. ಕಾಯಿಲೆ ಬಿದ್ದರೆ ಆರೈಕೆ, ಊರಿನಲ್ಲಿ ಮದುವೆಯಾದರೆ ನೆರವು, ಹಬ್ಬಕ್ಕೆ ಟಿಕೇಟು ಎಲ್ಲವೂ ಆ ಸಂಬಂಧದಿಂದ ಒದಗಿದವು. ಆದರೆ ಅದೇ ಸಂಬಂಧ ಬಾಯಿಯನ್ನೂ ಕಟ್ಟುತ್ತದೆ. ಕೆಲಸ ಕೊಡಿಸಿದ ಧಣಿಯ ಮುಂದೆ ನಿಂತು "ಅನಿಲದ ನಳಿಕೆ ಬಿರುಕು ಬಿಟ್ಟಿದೆ, ಬದಲಿಸುವವರೆಗೆ ಭಟ್ಟಿ ಹಚ್ಚುವುದಿಲ್ಲ" ಎನ್ನುವುದು ಮಾಣಿಯೊಬ್ಬನಿಗೆ ಸುಲಭವಲ್ಲ; ಅದು ಕೃತಘ್ನತೆಯಂತೆ ಕೇಳಿಸೀತೆಂಬ ಅಂಜಿಕೆ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ರುಬ್ಬುವ ಯಂತ್ರ ನಡೆಸುವವನು ಜುಮ್ಮೆಂದರೂ ಸುಮ್ಮನಿರುತ್ತಾನೆ. ಸರಿಯಾದ ಅರ್ಥಿಂಗ್ ಇದ್ದು, 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿದುಹಾಕುವ ಸ್ವಿಚ್ಚನ್ನು ಅಳವಡಿಸಿದ್ದರೆ ಆ ಪ್ರಾಣಕ್ಕೆ ಅಪಾಯ ಬಹಳಮಟ್ಟಿಗೆ ತಪ್ಪುತ್ತದೆ. ಆದರೆ "ಜುಮ್ಮೆಂದಿತು" ಎಂದು ಹೇಳುವವನೂ ಅದನ್ನು ಕೇಳಿಸಿಕೊಳ್ಳುವವನೂ ಇದ್ದರೆ ಮಾತ್ರ ಆ ಸ್ವಿಚ್ಚು ಬರುತ್ತದೆ. ಇಂದು ಅನೇಕ ಹೋಟೆಲುಗಳಲ್ಲಿ ಕೆಲಸಗಾರರು ನೇಪಾಳ, ಬಂಗಾಳ, ಒಡಿಶಾ, ಉತ್ತರ ಪ್ರದೇಶಗಳಿಂದ ಬಂದವರು. ಹಳೆಯ ಆತ್ಮೀಯತೆ ತೆಳುವಾಯಿತು, ಭಾಷೆಯ ಅಂತರ ಬೆಳೆಯಿತು, ಮೌನ ಮಾತ್ರ ಹಾಗೆಯೇ ಉಳಿಯಿತು.

ಉಳಿತಾಯದ ಪ್ರಶ್ನೆಯೂ ಇದೆ. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿದಾಗ ಅದನ್ನು ತಂಪಾಗಿಡಬೇಕಾದ ಘಟಕ ನಿಂತಿತ್ತು, ಸೋರಿದ್ದನ್ನು ಸುಡಬೇಕಾದ ಗೋಪುರ ದುರಸ್ತಿಯಲ್ಲಿತ್ತು, ಸಿಬ್ಬಂದಿಯನ್ನು ಕಡಿತಗೊಳಿಸಲಾಗಿತ್ತು. ಜಮಾಖರ್ಚಿನ ಪುಸ್ತಕದಲ್ಲಿ ಇವೆಲ್ಲ ಆ ವರ್ಷದ ಉಳಿತಾಯವಾಗಿ ಕಾಣಿಸುತ್ತವೆ. ಸುರಕ್ಷತೆಯ ವೆಚ್ಚ ಇಂದೇ ಖರ್ಚಿನ ಬದಿಯಲ್ಲಿ ಬೀಳುತ್ತದೆ. ಅದರಿಂದ ತಪ್ಪಿದ ಸಾವು ಯಾವ ಬದಿಯಲ್ಲೂ ಕಾಣಿಸುವುದಿಲ್ಲ. ಲೆಕ್ಕ ಬರೆಯುವ ಪದ್ಧತಿಯ ಈ ಕೊರತೆಯನ್ನು ವ್ಯವಹಾರಸ್ಥರು ವಿವೇಕದಿಂದಲೇ ತುಂಬಿಕೊಳ್ಳಬೇಕು.

ಯಂತ್ರವನ್ನೂ ಮನುಷ್ಯರ ನಡವಳಿಕೆಯನ್ನೂ ಕೂಡಿಸಿ ಕಟ್ಟಿದ ವ್ಯವಸ್ಥೆಗೆ ಬ್ಯಾಂಕಿನ ಭದ್ರಕೋಣೆ ಉತ್ತಮ ಉದಾಹರಣೆ. ಅದರ ಬೀಗಕ್ಕೆ ಎರಡು ಕೀಲಿಕೈಗಳು. ಇಬ್ಬರು ಅಧಿಕಾರಿಗಳು ಒಂದೊಂದನ್ನು ಇಟ್ಟುಕೊಳ್ಳುತ್ತಾರೆ. ಎಷ್ಟೇ ಪ್ರಾಮಾಣಿಕನಾದರೂ ಒಬ್ಬನೇ ಅದನ್ನು ತೆರೆಯಲಾರ. ಇನ್ನೊಬ್ಬ ಅಧಿಕಾರಿ ಮುನ್ಸೂಚನೆಯಿಲ್ಲದೆ ಬಂದು ನಗದನ್ನು ಎಣಿಸಿದರೆ ಅದನ್ನು ಅಪಮಾನವೆಂದು ಯಾರೂ ತಿಳಿಯುವುದಿಲ್ಲ. ಗಟ್ಟಿ ಉಕ್ಕಿನ ಬಾಗಿಲು ತಾಂತ್ರಿಕ ರಕ್ಷಣೆ. ಎರಡನೆಯ ಕೀಲಿಕೈ ಸಾಮಾಜಿಕ ರಕ್ಷಣೆ. ಹಣಕ್ಕೆ ದೊರೆತಿರುವ ಈ ಎಚ್ಚರ ಪ್ರಾಣಕ್ಕೆ ದೊರೆಯಬಾರದೇಕೆ? ರಾತ್ರಿ ಹೋಟೆಲು ಮುಚ್ಚುವಾಗ ಅಡುಗೆಯವನು ಅನಿಲದ ಕವಾಟ ಮುಚ್ಚಿ, ಗಲ್ಲೆಯ ಮೇಲಿರುವವನು ಅದನ್ನು ಕಣ್ಣಾರೆ ನೋಡಿ, ಇಬ್ಬರೂ ಒಂದು ಪುಸ್ತಕದಲ್ಲಿ ಸಹಿ ಮಾಡುವುದಕ್ಕೆ ಒಂದು ನಿಮಿಷವೂ ಬೇಡ.

ಕಾನೂನು ಏನು ಹೇಳುತ್ತದೆ? 1948ರ ಕಾರ್ಖಾನೆಗಳ ಕಾಯಿದೆಯೂ ಸೇರಿದಂತೆ ಹದಿಮೂರು ಕೇಂದ್ರ ಕಾಯಿದೆಗಳನ್ನು ಒಂದುಗೂಡಿಸಿದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕೆಲಸದ ಸ್ಥಳದ ಸುರಕ್ಷತೆಯ ಬಗ್ಗೆ ಮಾಲಿಕನಿಂದ ಮಾಹಿತಿ ಕೇಳುವ, ಗಂಭೀರ ಅಪಾಯ ಸನ್ನಿಹಿತವಾಗಿದೆಯೆಂದು ತೋರಿದರೆ ಅವನ ಗಮನಕ್ಕೆ ತರುವ ಹಕ್ಕನ್ನು ಅದು ನೌಕರನಿಗೆ ಕೊಡುತ್ತದೆ. ಇದು ಸ್ವಾಗತಾರ್ಹ. ಆದರೆ ವಿದ್ಯುತ್ ಬಳಸುವ ಘಟಕವು ಕಾರ್ಖಾನೆ ಎನಿಸಿಕೊಳ್ಳಲು ಹಿಂದೆ ಹತ್ತು ಕೆಲಸಗಾರರು ಸಾಕಾಗಿದ್ದರೆ ಈಗ ಇಪ್ಪತ್ತು ಮಂದಿ ಬೇಕು. ಕಾರ್ಮಿಕರ ಪ್ರತಿನಿಧಿಗಳಿರುವ ಸುರಕ್ಷತಾ ಸಮಿತಿ ಸಾಮಾನ್ಯ ಕಾರ್ಖಾನೆಗಳಲ್ಲಿ 500 ಮಂದಿ ಇದ್ದಲ್ಲಿ ಮಾತ್ರ ಕಡ್ಡಾಯ. ಸಾಕಿನಾಕಾದ ಅಂಗಡಿಯಂಥ ಸಣ್ಣ ತಾಣಗಳಿಗೆ ಅಂಥ ಸಮಿತಿ ಎಂದಿಗೂ ತಲುಪಲಾರದು. ನೌಕರರ ರಾಜ್ಯ ವಿಮಾ ಯೋಜನೆಯು ಹತ್ತು ಮಂದಿ ದುಡಿಯುವ ಹೋಟೆಲಿಗೂ ಅನ್ವಯಿಸುತ್ತದೆ. 2019ರ ಜುಲೈಯಲ್ಲಿ ನಿಗದಿಯಾದ ದರದಂತೆ ವೇತನದ ಮೇಲೆ ಮಾಲಿಕನ ಪಾಲು ನೂರಕ್ಕೆ 3.25, ನೌಕರನ ಪಾಲು 0.75. ಅಂಗವೈಕಲ್ಯ ಅಥವಾ ಮರಣ ಸಂಭವಿಸಿದಾಗ ಕುಟುಂಬಕ್ಕೆ ಮಾಸಿಕ ಆಧಾರ ಕೊಡುವ ಈ ಯೋಜನೆಯಿಂದ ತಪ್ಪಿಸಿಕೊಳ್ಳಲು ಹಾಜರಿ ಪುಸ್ತಕದಲ್ಲಿ ಹೆಸರು ಇಳಿಸುವುದು ಉಳಿತಾಯವಲ್ಲ, ಅನ್ಯಾಯ.

ಕಾನೂನು ತಲುಪದ ಸಣ್ಣ ತಾಣಗಳಿಗೆ ತಲುಪಬಲ್ಲವು ಕನ್ನಡ ಸಂಘಗಳು. ರಕ್ತದಾನ, ನೇತ್ರ ತಪಾಸಣೆ, ವೈದ್ಯಕೀಯ ಶಿಬಿರಗಳನ್ನು ಅವು ಶ್ರದ್ಧೆಯಿಂದ ನಡೆಸುತ್ತ ಬಂದಿವೆ. ಆ ಸಾಲಿನಲ್ಲಿ ಸುರಕ್ಷತಾ ಶಿಬಿರವೂ ಸೇರಲಿ. ಸಂಘದ ಸದಸ್ಯರಲ್ಲಿ ಎಂಜಿನಿಯರುಗಳಿದ್ದಾರೆ, ವೈದ್ಯರಿದ್ದಾರೆ, ವಿಮೆ ಬಲ್ಲವರಿದ್ದಾರೆ, ವಕೀಲರಿದ್ದಾರೆ. ಕೇಂದ್ರ ಕಾರ್ಮಿಕ ಸಂಸ್ಥೆಯು ಹತ್ತಿರದ ಸಯನ್‌ನಲ್ಲೇ ಇದೆ. 1966ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸುರಕ್ಷತಾ ಮಂಡಳಿಯು ನವಿ ಮುಂಬಯಿಯಲ್ಲಿದೆ. ಅದರ ಸ್ಥಾಪನೆಯ ದಿನವಾದ ಮಾರ್ಚ್ 4ನ್ನು ಸುರಕ್ಷತಾ ದಿನವಾಗಿ ಆಚರಿಸುವಾಗ ಭಾಷಣಕ್ಕಿಂತ ನಾಲ್ಕು ಹೋಟೆಲುಗಳ ಅಡುಗೆಮನೆಗಳನ್ನು ಮಾಲಿಕರ ಸಮ್ಮತಿಯಿಂದ ನೋಡಿಬರುವುದು ಹೆಚ್ಚು ಫಲಕಾರಿ. ನೋಡಬೇಕಾದದ್ದು ಬಹಳವೇನಿಲ್ಲ. ಅನಿಲವಿರುವ ಕೋಣೆಯಲ್ಲಾಗಲಿ ಅದರ ಮೇಲಿನ ಅಟ್ಟದಲ್ಲಾಗಲಿ ಯಾರೂ ಮಲಗಬಾರದು. ಹೊರಹೋಗಲು ಎರಡನೆಯ ದಾರಿಯಿರಬೇಕು; ಅದರ ಮುಂದೆ ಅಕ್ಕಿಯ ಮೂಟೆ ಇರಬಾರದು. ಸಿಲಿಂಡರುಗಳು ನೆಟ್ಟಗೆ, ಗಾಳಿಯಾಡುವಲ್ಲಿ ನಿಂತಿರಬೇಕು. ಅನಿಲ ಸೋರಿದರೆ ಕರೆಯಬೇಕಾದ 1906, ಬೆಂಕಿಗೆ 101 ಈ ಸಂಖ್ಯೆಗಳನ್ನು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಬರೆದಿರಬೇಕು. ಬೆಂಕಿ ಆರಿಸುವ ಉಪಕರಣವನ್ನು ಒಮ್ಮೆಯಾದರೂ ಪ್ರತಿಯೊಬ್ಬ ಕೆಲಸಗಾರನೂ ಕೈಯಲ್ಲಿ ಹಿಡಿದು ನೋಡಿರಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ಅಪಾಯವನ್ನು ಕಂಡು ಹೇಳಿದವನಿಗೆ ಗದರಿಕೆಯ ಬದಲು ಕೃತಜ್ಞತೆ ದೊರೆಯಬೇಕು. ಇದಕ್ಕೆ ಹಣ ಬೇಕಾಗಿಲ್ಲ, ಮನಸ್ಸು ಬೇಕು. ಮಾಲಿಕರಲ್ಲಿ ಅನೇಕರು ಒಂದು ಕಾಲದಲ್ಲಿ ಅದೇ ಅಟ್ಟದಲ್ಲಿ ಮಲಗಿ ಎದ್ದವರು. ಅಲ್ಲಿನ ಸೆಕೆ, ಹೊಗೆ, ಭಯ ಅವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಊರಿನ ತಾಯಿಯೊಬ್ಬಳು ತನ್ನ ಮಗನನ್ನು ಮುಂಬಯಿಗೆ ಕಳುಹಿಸುವಾಗ ಅವನ ಸಂಬಳವನ್ನು ಮಾತ್ರವಲ್ಲ, ಅವನ ಪ್ರಾಣವನ್ನೂ ಈ ನಗರದ ಕನ್ನಡಿಗರ ಕೈಗೆ ಒಪ್ಪಿಸಿರುತ್ತಾಳೆ. ಆ ತಾಯಿ ಕನ್ನಡದವಳಾಗಿರಲಿ, ಒಡಿಶಾದವಳಾಗಿರಲಿ, ಒಪ್ಪಿಸಿದ ಇಡುಗಂಟು ಒಂದೇ.